ಎಂಟರ್‌ಪ್ರೈಸ್ ವೆಬ್ ಅಪ್ಲಿಕೇಶನ್: ಪುಸ್ತಕ ಇಟ್ಟುಕೊಂಡು ಕಲಿಯುವುದು ಹೇಗೆ?

"ಪುಸ್ತಕದಲ್ಲಿ ಇದ್ದಂತೆಯೇ ಟೈಪ್ ಮಾಡಿದೆ, ಆದರೂ 404 (ಪುಟ ಸಿಗಲಿಲ್ಲ) ಬರುತ್ತಿದೆ." "ಎಂಟುನೂರು ಪುಟ ಇದೆ, ಎಲ್ಲಿಂದ ಶುರು ಮಾಡಲಿ?" "ಹಳೇ ಮುದ್ರಣ ಸಿಕ್ಕಿದೆ, ಓದಬಹುದಾ?" ಎಂಟರ್‌ಪ್ರೈಸ್ ವೆಬ್ ಅಪ್ಲಿಕೇಶನ್ ಕಲಿಯಲು ಪುಸ್ತಕ ಹಿಡಿದವರು ಕೇಳುವುದು ಹೆಚ್ಚುಕಮ್ಮಿ ಈ ಮೂರನ್ನೇ. ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಪುಸ್ತಕ ಸಾಫ್ಟ್‌ವೇರಿನ ಒಂದು ಆವೃತ್ತಿಯಲ್ಲಿ ನಿಂತುಬಿಟ್ಟಿರುತ್ತದೆ, ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ಬೇರೆ ಆವೃತ್ತಿ. ಮೊದಲ ತಿಂಗಳಲ್ಲಿ ಪುಸ್ತಕ ಮುಚ್ಚಿಡುವವರಲ್ಲಿ ಬಹಳ ಮಂದಿ ಸೋಲುವುದು ಇಲ್ಲಿಯೇ ಹೊರತು ವಿಷಯ ಅರ್ಥವಾಗದೆ ಅಲ್ಲ.

ಎಂಟರ್‌ಪ್ರೈಸ್ ಅಪ್ಲಿಕೇಶನ್ ಎಂದರೆ ಒಂದು ಸಂಸ್ಥೆಯ ದೈನಂದಿನ ಕೆಲಸ ನಡೆಸುವ ಸಾಫ್ಟ್‌ವೇರ್. ಒಂದೇ ಹೊತ್ತಿಗೆ ನೂರಾರು ಜನ ಬಳಸುತ್ತಾರೆ, ಯಾರು ಏನು ನೋಡಬಹುದು ಎನ್ನುವುದಕ್ಕೆ ಕಟ್ಟುಪಾಡು ಇರುತ್ತದೆ, ದಾಖಲೆ ಅರ್ಧಂಬರ್ಧ ಉಳಿಯುವಂತಿಲ್ಲ, ಹತ್ತಾರು ವರ್ಷ ಬಾಳಬೇಕು. ಈ ವಿಷಯದ ಪುಸ್ತಕಗಳಲ್ಲಿ ದೊಡ್ಡ ಪಾಲು ಜಾವಾದ್ದು. ಹಾಗಾಗಿ ಉದಾಹರಣೆಗಳೆಲ್ಲ ಜಾವಾದಲ್ಲೇ ಇವೆ. ಡಾಟ್‌ನೆಟ್ ಅಥವಾ ಪೈಥಾನ್ ಪುಸ್ತಕ ಹಿಡಿದವರಿಗೆ ಹೆಸರು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಶುರು ಮಾಡುವ ಮುನ್ನ

ಜಾವಾದ ಮೂಲಪಾಠ ಆಗಿರಲೇಬೇಕು. ಕ್ಲಾಸ್, ಇಂಟರ್‌ಫೇಸ್, ಲಿಸ್ಟ್ ಮತ್ತು ಮ್ಯಾಪ್, ಎಕ್ಸೆಪ್ಶನ್, ಜೆನೆರಿಕ್ಸ್ ಗೊತ್ತಿರಬೇಕು. ಅನೋಟೇಶನ್ ಮತ್ತು ಲ್ಯಾಂಬ್ಡಾವನ್ನು ಬರೆಯಲು ಬಾರದಿದ್ದರೂ ಓದಿದರೆ ತಿಳಿಯಬೇಕು. (ಅನೋಟೇಶನ್ ಎಂದರೆ ಕ್ಲಾಸ್ ಅಥವಾ ಮೆಥಡ್‌ನ ತಲೆಯ ಮೇಲೆ ಬರೆಯುವ ಗುರುತುಚೀಟಿ; ಸರ್ವರ್ ಅದನ್ನು ಓದಿ ಏನು ಮಾಡಬೇಕೆಂದು ನಿರ್ಧರಿಸುತ್ತದೆ.) ಎಸ್‌ಕ್ಯುಎಲ್‌ನಲ್ಲಿ ಎರಡು ಟೇಬಲ್ ಜೋಡಿಸಿ ಮೊತ್ತ ತೆಗೆಯಲು ಬರಬೇಕು. ಎಚ್‌ಟಿಎಂಎಲ್ ಫಾರ್ಮ್ ಒಂದನ್ನು ಕೈಯಾರೆ ಬರೆಯಲು ಗೊತ್ತಿರಬೇಕು.

ಇದನ್ನು ಪರೀಕ್ಷಿಸಿಕೊಳ್ಳುವುದು ಸುಲಭ. ಅಲ್ಪವಿರಾಮದಿಂದ ಬೇರ್ಪಟ್ಟ ನೂರು ಸಾಲಿನ ಒಂದು ಪಠ್ಯ ಫೈಲನ್ನು ಓದಿ, ಗುಂಪುಗೂಡಿಸಿ, ಪ್ರತಿ ಗುಂಪಿನ ಮೊತ್ತವನ್ನು ಡೇಟಾಬೇಸ್ ಟೇಬಲ್ಲಿಗೆ ಸೇರಿಸುವ ಪ್ರೋಗ್ರಾಂ ಬರೆಯಿರಿ. ಅರ್ಧ ದಿನದಲ್ಲಿ ಆಗಲಿಲ್ಲ ಎಂದಾದರೆ ಎಂಟರ್‌ಪ್ರೈಸ್ ಪುಸ್ತಕವನ್ನು ಸದ್ಯಕ್ಕೆ ಬದಿಗಿಟ್ಟು ಜಾವಾ ಪುಸ್ತಕಕ್ಕೇ ಮರಳಿ. ಇಲ್ಲದಿದ್ದರೆ ಮುಂದೆ ಎರರ್ ಬಂದಾಗ ಅದು ಭಾಷೆಯದ್ದೋ ಸರ್ವರಿನದ್ದೋ ಎಂದು ಗೊತ್ತಾಗದೆ ಒದ್ದಾಡುತ್ತೀರಿ.

ಯಂತ್ರ 8 ಜಿಬಿ ರ್‍ಯಾಮ್‌ನದ್ದಾದರೂ ನಡೆಯುತ್ತದೆ. ಎಡಿಟರ್, ಸರ್ವರ್, ಡೇಟಾಬೇಸ್, ಬ್ರೌಸರ್ ನಾಲ್ಕೂ ಒಟ್ಟಿಗೆ ತೆರೆದಿರುವುದರಿಂದ 16 ಇದ್ದರೆ ಆರಾಮ.

ಹಂತ 1: ಪುಸ್ತಕದ ವಯಸ್ಸು ಪತ್ತೆ ಮಾಡಿ

ಹಕ್ಕುಸ್ವಾಮ್ಯದ ಪುಟದಲ್ಲಿರುವ ವರ್ಷವನ್ನಷ್ಟೇ ನಂಬಬೇಡಿ, ಅದು ಮರುಮುದ್ರಣದ ವರ್ಷವೂ ಆಗಿರಬಹುದು. ಮೊದಲ ಸರ್ವ್ಲೆಟ್ ಉದಾಹರಣೆ ಇರುವ ಪುಟ ತೆಗೆದು ಇಂಪೋರ್ಟ್ ಸಾಲುಗಳನ್ನು ನೋಡಿ. (ಸರ್ವ್ಲೆಟ್ ಎಂದರೆ ಬ್ರೌಸರಿನಿಂದ ಬಂದ ಕೋರಿಕೆಗೆ ಉತ್ತರ ಕೊಡುವ, ಸರ್ವರಿನಲ್ಲಿ ಕೂತಿರುವ ಜಾವಾ ಕ್ಲಾಸ್.) ಅಲ್ಲಿ ಪ್ಯಾಕೇಜಿನ ಹೆಸರು ‘ಜಾವಾಎಕ್ಸ್ ಡಾಟ್ ಸರ್ವ್ಲೆಟ್’ ಎಂದಿದೆಯೋ ‘ಜಕಾರ್ತಾ ಡಾಟ್ ಸರ್ವ್ಲೆಟ್’ ಎಂದಿದೆಯೋ ಎನ್ನುವುದೇ ಎಲ್ಲವನ್ನೂ ಹೇಳಿಬಿಡುತ್ತದೆ.

ಹಿನ್ನೆಲೆ ಇಷ್ಟು. 1999ರ ಡಿಸೆಂಬರ್‌ನಲ್ಲಿ ಜೆ2ಇಇ ಎಂಬ ಹೆಸರಲ್ಲಿ ಜಾವಾದ ಈ ಎಂಟರ್‌ಪ್ರೈಸ್ ವೇದಿಕೆ ಬಂತು. 2006ರಲ್ಲಿ ಜಾವಾ ಇಇ 5 ಬಂದಾಗ ಹೆಸರೂ ಬದಲಾಯಿತು, ಬರೆಯುವ ರೀತಿಯೂ ಬಹಳ ಸರಳವಾಯಿತು. 2017ರಲ್ಲಿ ಒರಾಕಲ್ ಇದನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸುವುದಾಗಿ ಪ್ರಕಟಿಸಿತು. 2018ರಲ್ಲಿ ಜಕಾರ್ತಾ ಇಇ ಎಂಬ ಹೆಸರು ಬಂತು. ಹಳೆಯ ಪ್ಯಾಕೇಜ್ ಹೆಸರನ್ನು ಮುಂದುವರಿಸಿ ಬೆಳೆಸಲು ಒಪ್ಪಂದ ಕುದುರಲಿಲ್ಲ. ಹಾಗಾಗಿ 2020ರ ಡಿಸೆಂಬರ್‌ನ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜ್ ಹೆಸರುಗಳನ್ನೇ ಜಾವಾಎಕ್ಸ್‌ನಿಂದ ಜಕಾರ್ತಾಗೆ ಸಾರಾಸಗಟಾಗಿ ಬದಲಾಯಿಸಿದರು. ಅದಕ್ಕೂ ಮೊದಲು ಬರೆದ ಪ್ರತಿ ಪುಸ್ತಕದ ಪ್ರತಿ ಉದಾಹರಣೆಯೂ ಹೊಸ ಸರ್ವರಿನ ಮಟ್ಟಿಗೆ ಅಪರಿಚಿತವಾಯಿತು.

ಪುಸ್ತಕಕ್ಕೆ ತಕ್ಕ ಜೋಡಿ ಇದು:

- ಎಂಟಿಟಿ ಬೀನ್, ಹೋಮ್ ಇಂಟರ್‌ಫೇಸ್, ಸ್ಟ್ರಟ್ಸ್ 1 ಎಂಬ ಮಾತುಗಳಿದ್ದರೆ ಅದು ಜೆ2ಇಇ ಕಾಲದ್ದು. ಕಲಿಕೆಗೆ ಬೇಡ. ಹಳೆಯ ಅಪ್ಲಿಕೇಶನ್ ನೋಡಿಕೊಳ್ಳುವ ಕೆಲಸ ಬಂದಾಗ ನೋಡಿದರಾಯಿತು.
- ಜಾವಾ ಇಇ 6, 7, 8ರ ಪುಸ್ತಕ, ಅಂದರೆ ಜಾವಾಎಕ್ಸ್ ಇದ್ದದ್ದು: ಜಾವಾ 8, ಟಾಮ್‌ಕ್ಯಾಟ್ (ಸರ್ವ್ಲೆಟ್ ಓಡಿಸುವ ಸರ್ವರ್) 9.
- ಜಕಾರ್ತಾ ಇಇ 10ರ ಪುಸ್ತಕ: ಜಾವಾ 17, ಟಾಮ್‌ಕ್ಯಾಟ್ 10.1.
- ಸ್ಪ್ರಿಂಗ್ ಬೂಟ್ (ಜಾವಾ ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್) 2ರ ಪುಸ್ತಕ: ಸ್ಪ್ರಿಂಗ್ ಬೂಟ್ 2.7, ಜಾವಾ 11 ಅಥವಾ 17. ಇದೂ ಜಾವಾಎಕ್ಸ್ ಕಾಲದ್ದೇ.
- ಸ್ಪ್ರಿಂಗ್ ಬೂಟ್ 3ರ ಪುಸ್ತಕ: ಜಾವಾ 17 ಅಥವಾ ಅದಕ್ಕಿಂತ ಹೊಸದು. ಅದಕ್ಕಿಂತ ಹಳೆಯದರಲ್ಲಿ ಶುರುವೇ ಆಗುವುದಿಲ್ಲ.

ಒಂದು ಎಚ್ಚರಿಕೆ. ಟಾಮ್‌ಕ್ಯಾಟ್ ಪೂರ್ತಿ ಇಇ ಸರ್ವರ್ ಅಲ್ಲ. ಮುಖ್ಯವಾಗಿ ಸರ್ವ್ಲೆಟ್ ಮತ್ತು ಜೆಎಸ್‌ಪಿ (ಎಚ್‌ಟಿಎಂಎಲ್ ಪುಟವನ್ನು ಸರ್ವರಿನಲ್ಲಿ ಸಿದ್ಧಪಡಿಸುವ ಬಗೆ) ಭಾಗ ಅದರಲ್ಲಿದೆ. ಪುಸ್ತಕ ಇಜೆಬಿ (ಸಂಸ್ಥೆಯ ನಿಯಮಗಳನ್ನು ಬರೆಯುವ, ಸರ್ವರೇ ನೋಡಿಕೊಳ್ಳುವ ಕ್ಲಾಸ್) ಬಳಸಿದರೆ ಗ್ಲಾಸ್‌ಫಿಶ್, ವೈಲ್ಡ್‌ಫ್ಲೈ, ಓಪನ್ ಲಿಬರ್ಟಿ, ಟಾಮ್‌ಇಇ ಇವುಗಳಲ್ಲೊಂದು ಬೇಕು. ಲೇಖಕರು ಯಾವುದನ್ನು ಬಳಸಿದ್ದಾರೋ ಅದನ್ನೇ ಹಾಕಿಕೊಳ್ಳಿ, "ಇದು ಹಗುರ ಅಂತೆ" ಎಂದು ಬೇರೆಯದಕ್ಕೆ ಹೋಗಬೇಡಿ.

ಆವೃತ್ತಿ ತಪ್ಪಿದರೆ ಏನಾಗುತ್ತದೆ? ಹಳೆಯ ಪುಸ್ತಕದ ಅನೋಟೇಶನ್ ಹಾಕಿದ ಸರ್ವ್ಲೆಟ್ಟನ್ನು ಟಾಮ್‌ಕ್ಯಾಟ್ 10ಕ್ಕೆ ಹಾಕಿ ನೋಡಿ. ಕಂಪೈಲ್ ಆಗುತ್ತದೆ, ಸರ್ವರ್ ಏಳುತ್ತದೆ, ಲಾಗ್‌ನಲ್ಲಿ (ಸರ್ವರ್ ತನ್ನ ಕೆಲಸವನ್ನು ಬರೆದಿಡುವ ದಾಖಲೆ) ಒಂದು ಕೆಂಪು ಸಾಲೂ ಇರುವುದಿಲ್ಲ. ವಿಳಾಸ ಒತ್ತಿದರೆ ಮಾತ್ರ 404. ಆ ಹಳೆಯ ಅನೋಟೇಶನ್ ಟಾಮ್‌ಕ್ಯಾಟ್ 10ಕ್ಕೆ ಯಾವುದೋ ಸಂಬಂಧವಿಲ್ಲದ ಗುರುತು, ನೋಡಿಯೂ ನೋಡದಂತೆ ಮುಂದೆ ಹೋಗುತ್ತದೆ. ಎರರ್ ಬಂದಿದ್ದರೆ ಹುಡುಕಲು ಒಂದು ಎಳೆಯಾದರೂ ಸಿಗುತ್ತಿತ್ತು. ಇದರಲ್ಲಿ ಅದೂ ಸಿಗದೆ ಜನ ವಿಳಾಸದ ಕಾಗುಣಿತ ತಿದ್ದುತ್ತಾ ಇಡೀ ದಿನ ಕಳೆಯುತ್ತಾರೆ.

ಹಂತ 2: ಯಂತ್ರ ಸಜ್ಜು ಮಾಡಿ

ಬೇಕಾದ್ದು ಐದು: ಜೆಡಿಕೆ (ಜಾವಾ ಕಂಪೈಲ್ ಮಾಡಿ ಓಡಿಸುವ ಸಲಕರಣೆ), ಮೇವನ್, ಸರ್ವರ್, ಡೇಟಾಬೇಸ್ (ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್, ಪುಸ್ತಕದಲ್ಲಿರುವುದು), ಗಿಟ್ (ಕೋಡಿನ ಬದಲಾವಣೆಗಳನ್ನು ಉಳಿಸಿಡುವ ಸಾಧನ). ಮೇವನ್ ಎಂದರೆ ಬೇಕಾದ ಲೈಬ್ರರಿಗಳನ್ನು ತಾನೇ ಇಳಿಸಿಕೊಂಡು ಅಪ್ಲಿಕೇಶನ್ ಕಟ್ಟಿಕೊಡುವ ಸಾಧನ. ಲೈಬ್ರರಿಗಳ ಪಟ್ಟಿ ಪೋಮ್ ಎಂಬ ಫೈಲಿನಲ್ಲಿ ಇರುತ್ತದೆ.

ಸರ್ವರನ್ನು ಜಿಪ್ ರೂಪದಲ್ಲಿ ಇಳಿಸಿ, ಹೆಸರಿನಲ್ಲಿ ಖಾಲಿ ಜಾಗ ಇಲ್ಲದ ಫೋಲ್ಡರಿನಲ್ಲಿ ಬಿಚ್ಚಿಡಿ. ಇನ್‌ಸ್ಟಾಲರ್ ಬೇಡ. ಎಡವಟ್ಟಾದರೆ ಫೋಲ್ಡರ್ ಅಳಿಸಿ ಮತ್ತೆ ಬಿಚ್ಚಿದರೆ ಮುಗಿಯಿತು.

ಆಮೇಲೆ ಕಮಾಂಡ್ ವಿಂಡೋದಲ್ಲಿ ಜಾವಾದ ಆವೃತ್ತಿ ಕೇಳಿ, ಮೇವನ್‌ನ ಆವೃತ್ತಿಯನ್ನೂ ಕೇಳಿ. ಮೇವನ್ ತನ್ನ ಉತ್ತರದಲ್ಲಿ ತಾನು ಯಾವ ಜಾವಾ ಬಳಸುತ್ತಿದ್ದೇನೆ ಎನ್ನುವುದನ್ನೂ ಹೇಳುತ್ತದೆ. ಎರಡೂ ಒಂದೇ ಇರಬೇಕೆಂದಿಲ್ಲ! ಕಮಾಂಡ್ ವಿಂಡೋ ‘ಪಾತ್’ ಎಂಬ ಸೆಟ್ಟಿಂಗ್ ನೋಡುತ್ತದೆ, ಮೇವನ್ ‘ಜಾವಾ ಹೋಮ್’ ಎಂಬ ಸೆಟ್ಟಿಂಗ್ ನೋಡುತ್ತದೆ, ಎಡಿಟರಿಗೆ ತನ್ನದೇ ಮೂರನೇ ಲೆಕ್ಕ. ಮೂರನ್ನೂ ಒಂದಕ್ಕೇ ತನ್ನಿ.

ಇದನ್ನು ತಪ್ಪಿಸಿದರೆ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಎಂಬ ಎರರ್ ಬರುತ್ತದೆ. ಅದರಲ್ಲಿ ಎರಡು ಸಂಖ್ಯೆ ಇರುತ್ತವೆ. 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. "61 ಇದೆ, 55ರವರೆಗೆ ಮಾತ್ರ ಗೊತ್ತು" ಎಂಬ ಅರ್ಥದ ಸಾಲು ಕಂಡರೆ, ಜಾವಾ 17ರಲ್ಲಿ ಕಂಪೈಲ್ ಮಾಡಿ 11ರಲ್ಲಿ ಓಡಿಸಲು ಹೊರಟಿದ್ದೀರಿ.

ಪೋಮ್‌ನಲ್ಲಿ ಸರ್ವ್ಲೆಟ್ ಲೈಬ್ರರಿಗೆ ‘ಪ್ರೊವೈಡೆಡ್’ ಎಂಬ ವ್ಯಾಪ್ತಿ ಕೊಡುವುದನ್ನು ಮರೆಯಬೇಡಿ. ಕಂಪೈಲ್ ಮಾಡಲು ಬೇಕು, ಆದರೆ ಓಡುವಾಗ ಸರ್ವರ್ ತನ್ನದನ್ನೇ ಕೊಡುತ್ತದೆ ಎಂದು ಇದರ ಅರ್ಥ.

ಒಂದೇ ಸಾಲು ತೋರಿಸುವ ಖಾಲಿ ಪುಟ ಬ್ರೌಸರಿನಲ್ಲಿ ಬಂದ ಕೂಡಲೇ ಗಿಟ್‌ನಲ್ಲಿ ಉಳಿಸಿ. ಬಳಸಿದ ಆವೃತ್ತಿಗಳನ್ನೆಲ್ಲ ಒಂದು ಪಠ್ಯ ಫೈಲಿನಲ್ಲಿ ಬರೆದು ಜೊತೆಗಿಡಿ. ಪುಸ್ತಕ ಮುಗಿಯುವ ತನಕ ಆ ಪಟ್ಟಿಯಲ್ಲಿ ಒಂದನ್ನೂ ಬದಲಿಸಬೇಡಿ. ಎಡಿಟರ್ "ಹೊಸ ಆವೃತ್ತಿ ಬಂದಿದೆ" ಎಂದು ಪೀಡಿಸಿದರೂ ಸರಿ.

ಹಂತ 3: ಓದುವ ಕ್ರಮ ನೀವೇ ಗೊತ್ತುಮಾಡಿ

ಇಂಥ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದವರು ಕಡಿಮೆ, ಓದಬೇಕಾಗಿಯೂ ಇಲ್ಲ. ಪರಿವಿಡಿ ತೆಗೆದು, ಪ್ರತಿ ಅಧ್ಯಾಯವೂ ಒಂದು ಕೋರಿಕೆಯ ದಾರಿಯಲ್ಲಿ ಎಲ್ಲಿ ಬರುತ್ತದೆ ಎಂದು ಗುರುತು ಹಾಕಿ. ದಾರಿ ಹೀಗಿದೆ: ಬ್ರೌಸರ್, ಸರ್ವರ್, ಫಿಲ್ಟರ್ (ಎಲ್ಲ ಕೋರಿಕೆಗಳನ್ನೂ ಮೊದಲು ತಡೆದು ನೋಡುವ ಕೋಡ್), ಸರ್ವ್ಲೆಟ್ ಅಥವಾ ಕಂಟ್ರೋಲರ್, ಸರ್ವಿಸ್ (ಸಂಸ್ಥೆಯ ನಿಯಮಗಳು ಇರುವ ಜಾಗ), ಡಿಎಒ ಅಥವಾ ರೆಪಾಸಿಟರಿ (ಡೇಟಾಬೇಸಿನ ಜೊತೆ ಮಾತಾಡುವ ಕ್ಲಾಸ್), ಡೇಟಾಬೇಸ್. ಅಲ್ಲಿಂದ ಅದೇ ದಾರಿಯಲ್ಲಿ ಹಿಂದಕ್ಕೆ.

ಮೊದಲ ಸುತ್ತಿನಲ್ಲಿ ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ), ಸರ್ವ್ಲೆಟ್, ಸೆಷನ್ (ಒಬ್ಬ ಬಳಕೆದಾರರನ್ನು ಸರ್ವರ್ ನೆನಪಿಡುವ ಬಗೆ), ಡೇಟಾಬೇಸ್ ಸಂಪರ್ಕ, ಟ್ರಾನ್ಸಾಕ್ಷನ್, ಭದ್ರತೆ ಇಷ್ಟು ಸಾಕು. ಸೋಪ್ ವೆಬ್ ಸೇವೆಗಳು, ರಿಮೋಟ್ ಇಜೆಬಿ, ಆ್ಯಪ್ಲೆಟ್, ಪೋರ್ಟ್ಲೆಟ್ ಇತ್ಯಾದಿ ಸಿಕ್ಕರೆ ಹಾರಿಸಿ. ಜೆಎಸ್‌ಪಿ ಒಳಗೇ ಜಾವಾ ಕೋಡ್ ತುರುಕುವ ಸ್ಕ್ರಿಪ್ಟ್ಲೆಟ್ ಪಾಠವನ್ನು ಓದಿ ತಿಳಿದುಕೊಳ್ಳಿ, ಬರೆಯಬೇಡಿ.

ಸ್ಪ್ರಿಂಗ್ ಪುಸ್ತಕ ಹಿಡಿದವರಿಗೂ ಒಂದು ಮಾತು: ಎರಡು ವಾರ ಬರಿಯ ಸರ್ವ್ಲೆಟ್ ಬರೆಯಿರಿ. ಸ್ಪ್ರಿಂಗ್ ಬೂಟ್ ಒಳಗೆ ಕೂತಿರುವುದೂ ಟಾಮ್‌ಕ್ಯಾಟ್ಟೇ. ಒಳಗೇನು ನಡೆಯುತ್ತದೆಂದು ತಿಳಿಯದೆ ಅನೋಟೇಶನ್ ಅಂಟಿಸುತ್ತಾ ಹೋದರೆ, ಕೈಕೊಟ್ಟ ದಿನ ಎಲ್ಲಿ ನೋಡಬೇಕೆಂದೇ ಗೊತ್ತಾಗುವುದಿಲ್ಲ.

ಒಂದು ಪಾಠ ಓದುವ ಬಗೆ: ಮೊದಲು ಕಂಪ್ಯೂಟರ್ ಇಲ್ಲದೆ ಓದಿ. ಆಮೇಲೆ ಉದಾಹರಣೆಯನ್ನು ಕೈಯಾರೆ ಟೈಪ್ ಮಾಡಿ. ಓಡಿದ ಮೇಲೆ ಬೇಕೆಂದೇ ಕೆಡಿಸಿ: ಒಂದು ಅನೋಟೇಶನ್ ತೆಗೆಯಿರಿ, ಟೇಬಲ್ಲಿನ ಹೆಸರು ತಪ್ಪು ಬರೆಯಿರಿ, ಡೇಟಾಬೇಸ್ ನಿಲ್ಲಿಸಿ. ಯಾವ ತಪ್ಪಿಗೆ ಯಾವ ಎರರ್ ಎಂಬುದನ್ನು ನೋಟ್ಸಿನಲ್ಲಿ ಬರೆದಿಡಿ. ಪುಸ್ತಕದ ಜೊತೆ ಸಿಗುವ ಕೋಡ್ ಇರುವುದು ನಿಮ್ಮದರ ಜೊತೆ ಹೋಲಿಸಿ ನೋಡಲು, ನಕಲು ಮಾಡಿ ಅಂಟಿಸಲು ಅಲ್ಲ. ಮುದ್ರಣದ ತಪ್ಪುಗಳ ತಿದ್ದುಪಡಿ ಪಟ್ಟಿಯನ್ನು ಪ್ರಕಾಶಕರು ಇಟ್ಟಿದ್ದರೆ ಮೊದಲೇ ನೋಡಿ, ಪೆನ್ಸಿಲಿನಲ್ಲಿ ಪುಸ್ತಕದಲ್ಲೇ ತಿದ್ದಿಕೊಂಡುಬಿಡಿ.

ಹಂತ 4: ಎಚ್‌ಟಿಟಿಪಿ ಮತ್ತು ಸರ್ವ್ಲೆಟ್

ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಎಂಬ ಹಾಳೆ ಸದಾ ತೆರೆದಿರಲಿ. ಹೋದ ಕೋರಿಕೆ, ಬಂದ ಉತ್ತರದ ಸಂಖ್ಯೆ, ಕುಕೀ ಎಲ್ಲ ಅಲ್ಲಿ ಕಾಣುತ್ತವೆ.

404 ಬಂದರೆ ಈ ಅನುಕ್ರಮದಲ್ಲಿ ನೋಡಿ. ಒಂದು, ವಿಳಾಸದಲ್ಲಿ ಅಪ್ಲಿಕೇಶನ್ ಹೆಸರು ಸರಿ ಇದೆಯೇ. ವಾರ್ ಫೈಲಿನ (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಫೈಲ್) ಹೆಸರೇ ಆ ಹೆಸರಾಗುತ್ತದೆ. ಎರಡು, ಅಪ್ಲಿಕೇಶನ್ ನಿಜವಾಗಿ ಎದ್ದಿದೆಯೇ. ಸರ್ವ್ಲೆಟ್ ವಿಳಾಸದ ಮೊದಲ ಓರೆಗೆರೆ ಬಿಟ್ಟುಹೋದರೂ ಟಾಮ್‌ಕ್ಯಾಟ್ ಇಡೀ ಅಪ್ಲಿಕೇಶನ್ ಎತ್ತಲು ನಿರಾಕರಿಸುತ್ತದೆ, ಕಾರಣ ಲಾಗ್‌ನಲ್ಲಿರುತ್ತದೆ. ಮೂರು, ಪುಟವನ್ನು ‘ವೆಬ್-ಇನ್ಫ್’ ಫೋಲ್ಡರಿನಲ್ಲಿ ಇಟ್ಟಿದ್ದೀರಾ. ಅಲ್ಲಿರುವ ಫೈಲನ್ನು ಬ್ರೌಸರ್ ನೇರವಾಗಿ ಕೇಳುವಂತಿಲ್ಲ. ನಾಲ್ಕು, ಜಾವಾಎಕ್ಸ್ ಮತ್ತು ಜಕಾರ್ತಾ ಅದಲುಬದಲು.

405 (ಈ ಬಗೆಯ ಕೋರಿಕೆಗೆ ಅವಕಾಶವಿಲ್ಲ) ಬಂದರೆ ಫಾರ್ಮ್ ಪೋಸ್ಟ್ ಮಾಡುತ್ತಿದೆ, ನೀವು ಗೆಟ್ ಮೆಥಡ್ ಮಾತ್ರ ಬರೆದಿದ್ದೀರಿ ಎಂದು. ಇದಕ್ಕೊಂದು ಕಳ್ಳ ಕಾರಣವೂ ಇದೆ. ಎಡಿಟರ್ ತಾನಾಗಿ ಬರೆದುಕೊಟ್ಟ ಮೆಥಡ್‌ನಲ್ಲಿ ಮೇಲಿನ ಕ್ಲಾಸಿನ ಅದೇ ಮೆಥಡ್ಡನ್ನು ‘ಸೂಪರ್’ ಮೂಲಕ ಕರೆಯುವ ಸಾಲು ಉಳಿದಿರುತ್ತದೆ, ಆ ಮೆಥಡ್ ಮಾಡುವ ಕೆಲಸವೇ 405 ಕಳಿಸುವುದು. ಸಾಲನ್ನು ಅಳಿಸಿ.

ಇನ್ನು ಈ ಹಂತದ ಮುಖ್ಯ ಪಾಠ. ಪುಸ್ತಕಗಳು ಇದನ್ನು ಒಂದೇ ಪ್ಯಾರಾದಲ್ಲಿ ಹೇಳಿ ಮುಗಿಸುತ್ತವೆ. ಒಂದು ಸರ್ವ್ಲೆಟ್‌ಗೆ ಸರ್ವರ್ ಒಂದೇ ಒಂದು ಆಬ್ಜೆಕ್ಟ್ ಮಾಡುತ್ತದೆ. ಬಂದ ಪ್ರತಿ ಕೋರಿಕೆಯೂ ತನ್ನದೇ ಥ್ರೆಡ್‌ನಲ್ಲಿ ಅದೇ ಆಬ್ಜೆಕ್ಟಿನ ಮೆಥಡ್ ಕರೆಯುತ್ತದೆ. ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ಸಮಾನಾಂತರವಾಗಿ ಸಾಗುವ ಒಂದೊಂದು ಕೆಲಸದ ಎಳೆ. ನೀವು ಬದಲಿಸದಿದ್ದರೆ ಟಾಮ್‌ಕ್ಯಾಟ್ ಇಂಥ 200 ಎಳೆಗಳವರೆಗೆ ಬಿಡುತ್ತದೆ.

ಇದನ್ನು ಕಣ್ಣಾರೆ ನೋಡಿ. ಸರ್ವ್ಲೆಟ್ ಕ್ಲಾಸಿನಲ್ಲಿ, ಮೆಥಡ್‌ನ ಹೊರಗೆ, ಹೆಸರು ಇಡಲು ಒಂದು ವೇರಿಯೇಬಲ್ ಬರೆಯಿರಿ. ಫಾರ್ಮಿನಿಂದ ಬಂದ ಹೆಸರನ್ನು ಅದರಲ್ಲಿ ಹಾಕಿ, ಥ್ರೆಡ್ಡನ್ನು 10 ಸೆಕೆಂಡು ಮಲಗಿಸಿ, ಆಮೇಲೆ ಆ ಹೆಸರನ್ನು ಪುಟದಲ್ಲಿ ತೋರಿಸಿ. ಈಗ ಎರಡು ಬೇರೆ ಬ್ರೌಸರ್ ತೆರೆಯಿರಿ. ಒಂದರಲ್ಲಿ ‘ರಮ್ಯಾ’ ಎಂದು ಕಳಿಸಿ, ಐದು ಸೆಕೆಂಡಿನೊಳಗೆ ಇನ್ನೊಂದರಲ್ಲಿ ‘ಕುಮಾರ’ ಎಂದು ಕಳಿಸಿ. ಎರಡೂ ಪುಟದಲ್ಲಿ ಕುಮಾರನೇ ಬರುತ್ತಾನೆ. ಇದೇ ಜಾಗದಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಇದ್ದರೆ? ವೇರಿಯೇಬಲ್ಲನ್ನು ಮೆಥಡ್ ಒಳಗೆ ತಂದರೆ ತೊಂದರೆ ಮಾಯ. ಸ್ಪ್ರಿಂಗ್‌ನ ಕಂಟ್ರೋಲರ್, ಸರ್ವಿಸ್‌ಗಳಿಗೂ ಇದೇ ನಿಯಮ, ಏಕೆಂದರೆ ಅವೂ ಸಾಮಾನ್ಯವಾಗಿ ಒಂದೇ ಆಬ್ಜೆಕ್ಟ್. ಪರೀಕ್ಷೆ ಮಾಡುವಾಗ ನೀವೊಬ್ಬರೇ ಬಳಸುತ್ತೀರಾದ್ದರಿಂದ ಈ ತಪ್ಪು ಎಂದೂ ಕಾಣುವುದಿಲ್ಲ. ಜನ ಬಳಸಲು ಶುರು ಮಾಡಿದ ದಿನವೇ ಕಾಣುತ್ತದೆ.

ಪೋಸ್ಟ್ ಆದ ಮೇಲೆ ಪುಟವನ್ನು ನೇರ ತೋರಿಸದೆ ಬೇರೊಂದು ವಿಳಾಸಕ್ಕೆ ಕಳಿಸಿ, ಅಂದರೆ ರೀಡೈರೆಕ್ಟ್ ಮಾಡಿ. ಇಲ್ಲದಿದ್ದರೆ ಬಳಕೆದಾರರು ರಿಫ್ರೆಶ್ ಒತ್ತಿದಾಗ ಅದೇ ದಾಖಲೆ ಎರಡು ಸಲ ಸೇರುತ್ತದೆ.

ಹಂತ 5: ಪುಸ್ತಕದ ಪಕ್ಕದಲ್ಲೇ ನಿಮ್ಮದೊಂದು

ಪುಸ್ತಕದ ಉದಾಹರಣೆ ಲೇಖಕರು ಯೋಚಿಸಿ ಬಿಡಿಸಿಟ್ಟದ್ದು. ಅದರಲ್ಲಿ ನೀವು ತೀರ್ಮಾನಿಸಬೇಕಾದ್ದು ಏನೂ ಉಳಿದಿಲ್ಲ. ಹಾಗಾಗಿ ಪ್ರತಿ ಪಾಠ ಮುಗಿದಾಗಲೂ ಅದನ್ನು ನಿಮ್ಮದೇ ಅಪ್ಲಿಕೇಶನ್ನಿಗೆ ಸೇರಿಸಿ. ರಜೆ ಅರ್ಜಿಯ ಅಪ್ಲಿಕೇಶನ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೌಕರ, ರಜೆಯ ಬಗೆ, ಉಳಿದ ರಜೆ, ಅರ್ಜಿ ಎಂಬ ನಾಲ್ಕು ಟೇಬಲ್ ಸಾಕು. ನೌಕರ ಅರ್ಜಿ ಹಾಕುತ್ತಾನೆ, ಮೇಲಧಿಕಾರಿ ಒಪ್ಪುತ್ತಾರೆ, ಉಳಿದ ರಜೆ ಕಳೆಯುತ್ತದೆ. ಇಷ್ಟರಲ್ಲೇ ಲಾಗಿನ್, ಎರಡು ಬಗೆಯ ಅಧಿಕಾರ, ದಿನಾಂಕದ ಪರಿಶೀಲನೆ, ಟ್ರಾನ್ಸಾಕ್ಷನ್ ಎಲ್ಲ ಬಂದುಬಿಡುತ್ತವೆ.

ದೊಡ್ಡದು ಮಾಡಲು ಹೋಗಬೇಡಿ. ಆನ್‌ಲೈನ್ ಅಂಗಡಿ ಕಟ್ಟುತ್ತೇನೆಂದು ಹೊರಟವರು ಉತ್ಪನ್ನದ ಚಿತ್ರ ಜೋಡಿಸುವುದರಲ್ಲೇ ದಣಿಯುತ್ತಾರೆ.

ಹಂತ 6: ಡೇಟಾಬೇಸ್

ಹೆಚ್ಚು ಸಮಯ ಕೊಡಬೇಕಾದ ಹಂತ ಇದೇ.

ಬಳಕೆದಾರರು ಟೈಪ್ ಮಾಡಿದ್ದನ್ನು ಎಸ್‌ಕ್ಯುಎಲ್ ಸಾಲಿಗೆ ಕೂಡಿಸು ಚಿಹ್ನೆಯಿಂದ ಅಂಟಿಸಬೇಡಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ, ಪ್ರಶ್ನಾರ್ಥಕ ಚಿಹ್ನೆಯ ಜಾಗಕ್ಕೆ ಬೆಲೆ ತುಂಬಿ. ಪುಸ್ತಕದ ಮೊದಲ ಉದಾಹರಣೆ ಸರಳವಾಗಿರಲೆಂದು ಅಂಟಿಸಿದ್ದರೂ ನೀವು ಹಾಗೆ ಬರೆಯಬೇಡಿ.

ಮೈಎಸ್‌ಕ್ಯುಎಲ್‌ಗೆ ಹಳೆಯ ಪುಸ್ತಕಗಳು ಕೊಡುವ ಡ್ರೈವರ್ ಕ್ಲಾಸಿನ ಹೆಸರು 8ನೇ ಆವೃತ್ತಿಯ ಡ್ರೈವರಿನಲ್ಲಿ ಬದಲಾಗಿ, ನಡುವೆ ‘ಸಿಜೆ’ ಸೇರಿದೆ.

ಕನೆಕ್ಷನ್ ಪೂಲ್ ಎಂದರೆ ಮೊದಲೇ ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳ ಸಂಗ್ರಹ. ಬೇಕಾದಾಗ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ‘ಕ್ಲೋಸ್’ ಕರೆದರೆ ಅದು ಸಂಗ್ರಹಕ್ಕೆ ಮರಳುತ್ತದೆ. ಕರೆಯದಿದ್ದರೆ ಮರಳುವುದಿಲ್ಲ. ಸ್ಪ್ರಿಂಗ್ ಬೂಟ್ ಜೊತೆ ಬರುವ ಹಿಕಾರಿ ಪೂಲ್‌ನಲ್ಲಿ, ನೀವು ಬದಲಿಸದಿದ್ದರೆ, 10 ಸಂಪರ್ಕ ಇರುತ್ತವೆ, ಕಾಯುವ ಸಮಯ 30 ಸೆಕೆಂಡು. ಹತ್ತು ಸಲ ಮರಳಿಸಲು ಮರೆತರೆ ಹನ್ನೊಂದನೆಯ ಕೋರಿಕೆ ಅರ್ಧ ನಿಮಿಷ ಸುಮ್ಮನೆ ಕೂತು ಎರರ್ ಕೊಡುತ್ತದೆ. "ಅಪ್ಲಿಕೇಶನ್ ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನಕ್ಕೆ ನಿಂತುಹೋಯಿತು, ರೀಸ್ಟಾರ್ಟ್ ಮಾಡಿದರೆ ಸರಿಯಾಯಿತು" ಎಂಬ ದೂರು ಕೇಳಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಕಲಿಯುವಾಗ ಪೂಲ್ ಗಾತ್ರವನ್ನು 2ಕ್ಕೆ, ಕಾಯುವ ಸಮಯವನ್ನು 3 ಸೆಕೆಂಡಿಗೆ ಇಳಿಸಿ. ಸೋರಿಕೆ ಇದ್ದರೆ ಮೂರನೇ ಕ್ಲಿಕ್ಕಿಗೇ ಸಿಕ್ಕಿಬೀಳುತ್ತದೆ. ಜಾವಾ 7ರಿಂದ ಇರುವ ‘ಟ್ರೈ’ ಆವರಣದೊಳಗೇ ಸಂಪರ್ಕ ತೆರೆಯುವ ಬಗೆಯನ್ನು ರೂಢಿಸಿಕೊಳ್ಳಿ, ಮುಚ್ಚುವ ಕೆಲಸ ತಾನಾಗಿ ಆಗುತ್ತದೆ.

ಟ್ರಾನ್ಸಾಕ್ಷನ್ ಎಂದರೆ ಎಲ್ಲವೂ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಕಟ್ಟು. ರಜೆ ಒಪ್ಪಿದ ಗುರುತು ಬಿತ್ತು, ಉಳಿದ ರಜೆ ಕಳೆಯಲಿಲ್ಲ ಎನ್ನುವಂತಾಗಬಾರದು. ಸ್ಪ್ರಿಂಗ್‌ನಲ್ಲಿ ಟ್ರಾನ್ಸಾಕ್ಷನಲ್ ಅನೋಟೇಶನ್ ಹಾಕಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಎರಡು ಗುಂಡಿ ಇವೆ. ಮೊದಲನೆಯದು: ರನ್‌ಟೈಮ್ ಎಕ್ಸೆಪ್ಶನ್ ಅಥವಾ ಎರರ್ ಆದಾಗ ಮಾತ್ರ ಅದು ಹಿಂದಕ್ಕೆ ಹೋಗುತ್ತದೆ, ನೀವು ಬರೆದ ಚೆಕ್ಡ್ ಎಕ್ಸೆಪ್ಶನ್ ಎಸೆದರೆ ಅಲ್ಲಿಯವರೆಗಿನದನ್ನು ಉಳಿಸಿಬಿಡುತ್ತದೆ. ಬೇರೆ ಬೇಕಾದರೆ ‘ರೋಲ್‌ಬ್ಯಾಕ್ ಫಾರ್’ ಎಂದು ಸ್ಪಷ್ಟವಾಗಿ ಬರೆಯಬೇಕು. ಎರಡನೆಯದು: ಅದೇ ಕ್ಲಾಸಿನ ಇನ್ನೊಂದು ಮೆಥಡ್‌ನಿಂದ ಕರೆದರೆ ಅನೋಟೇಶನ್ ಕೆಲಸವೇ ಮಾಡುವುದಿಲ್ಲ. ಏಕೆಂದರೆ ಟ್ರಾನ್ಸಾಕ್ಷನ್ ತೆರೆಯುವುದು ನಿಮ್ಮ ಆಬ್ಜೆಕ್ಟಿನ ಹೊರಗೆ ಸುತ್ತಿಟ್ಟ ಪ್ರಾಕ್ಸಿ, ಒಳಗಿನಿಂದ ಒಳಗೆ ಕರೆದಾಗ ಅದು ನಡುವೆ ಬರುವುದೇ ಇಲ್ಲ. ಪರೀಕ್ಷೆ ಹೀಗೆ ಮಾಡಿ: ಒಪ್ಪಿಗೆಯ ಗುರುತು ಹಾಕುವ ಸಾಲಿಗೂ ರಜೆ ಕಳೆಯುವ ಸಾಲಿಗೂ ನಡುವೆ ಒಂದು ಎಕ್ಸೆಪ್ಶನ್ ಎಸೆದು, ಟೇಬಲ್ ತೆರೆದು ನೋಡಿ.

ಇಬ್ಬರು ಅಧಿಕಾರಿಗಳು ಒಂದೇ ಅರ್ಜಿಯನ್ನು ಒಂದೇ ಕ್ಷಣ ಒಪ್ಪಿದರೆ? ಟ್ರಾನ್ಸಾಕ್ಷನ್ ಇದ್ದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಅರ್ಜಿ ಟೇಬಲ್ಲಿಗೆ ಆವೃತ್ತಿ ಸಂಖ್ಯೆಯ ಕಾಲಂ ಸೇರಿಸಿ, ಜೆಪಿಎಯಲ್ಲಿ (ಕ್ಲಾಸುಗಳನ್ನೇ ಟೇಬಲ್ಲುಗಳಿಗೆ ಹೊಂದಿಸಿ ಎಸ್‌ಕ್ಯುಎಲ್ ತಾನೇ ಬರೆಯುವ ವ್ಯವಸ್ಥೆ) ‘ವರ್ಷನ್’ ಅನೋಟೇಶನ್ ಹಾಕಿ. ಎರಡನೆಯವರಿಗೆ ಎರರ್ ಬರುತ್ತದೆ. ಅದನ್ನು ಹಿಡಿದು, ಅರ್ಜಿ ಆಗಲೇ ಇತ್ಯರ್ಥವಾಗಿದೆ ಎಂದು ತೋರಿಸಿ.

ಜೆಪಿಎ ಪಾಠ ಶುರುವಾದ ಕೂಡಲೇ ಎಸ್‌ಕ್ಯುಎಲ್ ಲಾಗ್ ಆಗುವಂತೆ ಮಾಡಿ. 50 ಅರ್ಜಿಗಳು 50 ಬೇರೆ ಬೇರೆ ನೌಕರರದ್ದಾಗಿದ್ದು, ಪಟ್ಟಿಯಲ್ಲಿ ಹೆಸರೂ ತೋರಿಸಬೇಕಾದರೆ, ಲಾಗ್‌ನಲ್ಲಿ 51 ಪ್ರಶ್ನೆ ಕಾಣುವ ಸಂಭವ ಹೆಚ್ಚು: ಪಟ್ಟಿಗೆ ಒಂದು, ಪ್ರತಿ ಹೆಸರಿಗೆ ಒಂದೊಂದು. ‘ಜಾಯಿನ್ ಫೆಚ್’ ಬಳಸಿದರೆ ಒಂದಕ್ಕೇ ಇಳಿಯುತ್ತದೆ.

ಕನ್ನಡ ಅಕ್ಷರ ಕೆಟ್ಟರೆ ಕೆಟ್ಟ ಬಗೆಯನ್ನು ನೋಡಿ. ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಡೇಟಾಬೇಸ್ ಅಥವಾ ಅದರ ಸಂಪರ್ಕದ ಅಕ್ಷರ ಸಂಕೇತ ಸರಿಯಿಲ್ಲ. ಮೈಎಸ್‌ಕ್ಯುಎಲ್ ಆದರೆ ‘ಯುಟಿಎಫ್8ಎಂಬಿ4’ ಇಡಿ. ಯುರೋಪಿನ ಅಕ್ಷರಗಳ ಕಲಸುಮೇಲೋಗರ ಬಂದರೆ ಸರ್ವ್ಲೆಟ್ ತಪ್ಪು ಸಂಕೇತದಲ್ಲಿ ಓದಿದೆ. ಟಾಮ್‌ಕ್ಯಾಟ್ 9ರಲ್ಲಿ, ಪೋಸ್ಟ್ ಆದ ಫಾರ್ಮಿನ ಮೊದಲ ಬೆಲೆ ಓದುವುದಕ್ಕೂ ಮುಂಚೆ, ಕೋರಿಕೆಯ ಸಂಕೇತ ಯುಟಿಎಫ್-8 ಎಂದು ಹೇಳಬೇಕು. ಒಂದು ಬೆಲೆ ಓದಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಹಂತ 7: ಭದ್ರತೆ, ಹೊಸದನ್ನೇ ನಂಬಿ

ಪುಸ್ತಕ ಹಳೆಯದಾದಷ್ಟೂ ಈ ಅಧ್ಯಾಯವನ್ನು ಕಡಿಮೆ ನಂಬಿ. ಪಾಸ್‌ವರ್ಡನ್ನು ಎಂಡಿ5 ಅಥವಾ ಶಾ-1 ಎಂಬ ಹಳೆಯ ಗೂಢರೂಪದಲ್ಲಿ ಇಡಲು ಹೇಳಿದ್ದರೆ ಕೇಳಬೇಡಿ, ಬಿಕ್ರಿಪ್ಟ್ ಬಳಸಿ. ಅದರ ಫಲಿತಾಂಶ 60 ಅಕ್ಷರ ಇರುತ್ತದೆ. ಪುಸ್ತಕದ ಟೇಬಲ್ಲಿನಲ್ಲಿ ಪಾಸ್‌ವರ್ಡ್ ಕಾಲಂ 50 ಎಂದಿದ್ದರೆ ಹಿಡಿಸುವುದಿಲ್ಲ, ಮೊದಲೇ ದೊಡ್ಡದು ಮಾಡಿ.

ಸ್ಪ್ರಿಂಗ್ ಸೆಕ್ಯುರಿಟಿ ಪಾಠದಲ್ಲಿ ‘ವೆಬ್ ಸೆಕ್ಯುರಿಟಿ ಕಾನ್ಫಿಗರರ್ ಅಡಾಪ್ಟರ್’ ಎಂಬ ಕ್ಲಾಸ್ ಇದ್ದರೆ, ಅದನ್ನು 6.0ರಲ್ಲಿ ತೆಗೆದುಹಾಕಿದ್ದಾರೆ. ಈಗ ‘ಸೆಕ್ಯುರಿಟಿ ಫಿಲ್ಟರ್ ಚೈನ್’ ಎಂಬ ಬೀನ್ ಬರೆಯಬೇಕು. (ಬೀನ್ ಎಂದರೆ ಫ್ರೇಮ್‌ವರ್ಕೇ ಸೃಷ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್.)

ಸ್ಪ್ರಿಂಗ್ ಸೆಕ್ಯುರಿಟಿ ಸೇರಿಸಿದ ಕೂಡಲೇ ಫಾರ್ಮುಗಳೆಲ್ಲ 403 (ಅನುಮತಿ ಇಲ್ಲ) ಕೊಡತೊಡಗಿದರೆ, ಸಿಎಸ್‌ಆರ್‌ಎಫ್ ಗುರುತು ಇಲ್ಲ ಎಂದು. ಬೇರೆ ತಾಣದಿಂದ ಕದ್ದು ಬಂದ ಕೋರಿಕೆಯಲ್ಲ ಎಂದು ತೋರಿಸುವ ಗುಪ್ತ ಸಂಖ್ಯೆ ಅದು. ಎಲ್ಲೆಲ್ಲೂ ಸಿಗುವ ಸಲಹೆ ಅದನ್ನು ಆರಿಸಿಬಿಡಿ ಎನ್ನುವುದು. ಕುಕೀ ಆಧಾರಿತ ಲಾಗಿನ್ ಇರುವಲ್ಲಿ ಹಾಗೆ ಮಾಡಬೇಡಿ, ಫಾರ್ಮಿನಲ್ಲಿ ಆ ಸಂಖ್ಯೆಯನ್ನು ಸೇರಿಸಿ.

ಬಟನ್ ಅಡಗಿಸಿದರೆ ಅಧಿಕಾರ ತಡೆದಂತಾಗಲಿಲ್ಲ. ನೌಕರನಾಗಿ ಲಾಗಿನ್ ಆಗಿ, ವಿಳಾಸದಲ್ಲಿರುವ ಅರ್ಜಿ ಸಂಖ್ಯೆ 17ನ್ನು 18 ಮಾಡಿ ನೋಡಿ. ಬೇರೆಯವರ ಅರ್ಜಿ ತೆರೆದುಕೊಂಡರೆ ಸರ್ವಿಸ್ ಕ್ಲಾಸಿನಲ್ಲಿ "ಇದು ಇವರದ್ದೇ?" ಎಂಬ ಪರಿಶೀಲನೆ ಇಲ್ಲವೆಂದು. ಹಾಗೆಯೇ ಜೆಎಸ್‌ಪಿಯಲ್ಲಿ ಬಳಕೆದಾರರ ಪಠ್ಯವನ್ನು ಬರಿಯ ಇಎಲ್ (ಪುಟದಲ್ಲಿ ಬೆಲೆ ತೋರಿಸುವ ಚಿಕ್ಕ ಬರಹ) ಮೂಲಕ ತೋರಿಸಿದರೆ ಅದರಲ್ಲಿರುವ ಸ್ಕ್ರಿಪ್ಟ್ ಓಡುತ್ತದೆ. ‘ಸಿ ಔಟ್’ ಟ್ಯಾಗ್ ಬಳಸಿ.

ಹಂತ 8: ಎರರ್ ಓದುವುದು

ಇನ್ನೂರು ಸಾಲಿನ ಎರರ್ ಕಂಡು ಗಾಬರಿ ಬೀಳಬೇಕಿಲ್ಲ. ಕೆಳಗಿನಿಂದ ಮೇಲಕ್ಕೆ ಬನ್ನಿ, ‘ಕಾಸ್ಡ್ ಬೈ’ ಎಂದು ಶುರುವಾಗುವ ಕೊನೆಯ ಸಾಲು ಹುಡುಕಿ. ಮೂಲ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ಅದರ ಕೆಳಗೆ ನಿಮ್ಮ ಪ್ಯಾಕೇಜ್ ಹೆಸರಿರುವ ಮೊದಲ ಸಾಲು ನೋಡಿ. ಉಳಿದದ್ದು ಫ್ರೇಮ್‌ವರ್ಕಿನ ಒಳಮಾತು. ಬ್ರೌಸರಿನಲ್ಲಿ ಕಾಣುವ ಎರರ್ ಪುಟಕ್ಕಿಂತ ಸರ್ವರಿನ ಲಾಗ್ ಮೇಲು.

ಹಂತ 9: ಈಗ ಹೊಸ ಆವೃತ್ತಿಗೆ

ಪುಸ್ತಕ ಮುಗಿದ ಮೇಲೆ, ಹಳೆಯದನ್ನೇ ಓದಿದ್ದರೆ, ನಿಮ್ಮ ರಜೆ ಅಪ್ಲಿಕೇಶನ್ನನ್ನು ಹೊಸದಕ್ಕೆ ಸಾಗಿಸಿ. ಕಂಪನಿಗಳಲ್ಲಿ ನಿಜವಾಗಿ ನಡೆಯುವ ಕೆಲಸವೂ ಇದೇ. ಮುಖ್ಯ ಕೆಲಸಗಳಿಗೆ ಮೊದಲು ಪರೀಕ್ಷಾ ಕೋಡ್ ಬರೆದಿಡಿ. ಆಮೇಲೆ ಒಂದೊಂದಾಗಿ:

1. ಸರ್ವರ್ ಹಾಗೇ ಇರಲಿ, ಜಾವಾ ಮಾತ್ರ 8ರಿಂದ 17ಕ್ಕೆ ಏರಿಸಿ. ಟಾಮ್‌ಕ್ಯಾಟ್ 9 ಜಾವಾ 17ರಲ್ಲೂ ಓಡುತ್ತದೆ. ಎಕ್ಸ್‌ಎಂಎಲ್ ಓದುವ ಜೆಎಎಕ್ಸ್‌ಬಿ ಕ್ಲಾಸ್ ಸಿಗುತ್ತಿಲ್ಲ ಎಂದು ಎರರ್ ಬಂದರೆ, ಜಾವಾ 11ರಲ್ಲಿ ಅದನ್ನು ಜೆಡಿಕೆಯಿಂದ ತೆಗೆದಿದ್ದಾರೆ. ಪೋಮ್‌ಗೆ ಬೇರೆಯಾಗಿ ಸೇರಿಸಿ.

2. ಸ್ಪ್ರಿಂಗ್ ಬೂಟ್ ಆದರೆ ಮೊದಲು 2.7ಕ್ಕೆ ಬನ್ನಿ, ಹಳತಾಯಿತು ಎಂಬ ಎಚ್ಚರಿಕೆಗಳನ್ನೆಲ್ಲ ಸರಿಪಡಿಸಿ, ಆಮೇಲೆ 3ಕ್ಕೆ.

3. ಪ್ಯಾಕೇಜ್ ಹೆಸರು ಬದಲಿಸಿ, ಸರ್ವರನ್ನೂ ಟಾಮ್‌ಕ್ಯಾಟ್ 10.1ಕ್ಕೆ ಏರಿಸಿ. ಎಲ್ಲ ಜಾವಾಎಕ್ಸ್‌ಗಳನ್ನೂ ಒಂದೇ ಏಟಿಗೆ ಜಕಾರ್ತಾ ಮಾಡಬೇಡಿ. ಸರ್ವ್ಲೆಟ್, ಪರ್ಸಿಸ್ಟೆನ್ಸ್, ವ್ಯಾಲಿಡೇಶನ್, ಇಂಜೆಕ್ಟ್, ಇಜೆಬಿ ಬದಲಾಗುತ್ತವೆ. ಎಸ್‌ಕ್ಯುಎಲ್, ನೇಮಿಂಗ್, ಕ್ರಿಪ್ಟೊ, ಎಕ್ಸ್‌ಎಂಎಲ್ ಪಾರ್ಸರ್ ಪ್ಯಾಕೇಜುಗಳು ಜೆಡಿಕೆಗೆ ಸೇರಿದವು, ಅವು ಜಾವಾಎಕ್ಸ್ ಆಗಿಯೇ ಉಳಿಯುತ್ತವೆ.

4. ಲೈಬ್ರರಿಗಳನ್ನು ಏರಿಸಿ. ಹೈಬರ್ನೇಟ್ (ಜೆಪಿಎಯ ಕೆಲಸ ಮಾಡುವ ಲೈಬ್ರರಿ) 6ಕ್ಕೆ ಬನ್ನಿ, ಜೆಎಸ್‌ಟಿಎಲ್‌ನ (ಜೆಎಸ್‌ಪಿಯ ಸಿದ್ಧ ಟ್ಯಾಗುಗಳ ಲೈಬ್ರರಿ) ಜಕಾರ್ತಾ ಆವೃತ್ತಿ ಹಾಕಿ. ಒಂದೇ ಒಂದು ಹಳೆಯ ಲೈಬ್ರರಿ ಉಳಿದರೂ ‘ಕ್ಲಾಸ್ ಸಿಗಲಿಲ್ಲ’ ಎಂಬ ಎರರ್ ಬರುತ್ತದೆ. ಮೂಲ ಕೋಡ್ ಇಲ್ಲದ ಹಳೆಯ ವಾರ್ ಫೈಲ್ ಆದರೆ ಟಾಮ್‌ಕ್ಯಾಟ್ 10ರಲ್ಲಿ ‘ವೆಬ್‌ಆ್ಯಪ್ಸ್-ಜಾವಾಇಇ’ ಎಂಬ ಫೋಲ್ಡರ್ ಮಾಡಿ ಅದರಲ್ಲಿಡಿ, ಸರ್ವರೇ ಪರಿವರ್ತಿಸಿಕೊಳ್ಳುತ್ತದೆ.

5. ಉದ್ಧರಣ ಚಿಹ್ನೆಯೊಳಗಿರುವ ಹೆಸರುಗಳನ್ನು ಹುಡುಕಿ. ಪರ್ಸಿಸ್ಟೆನ್ಸ್ ಫೈಲಿನಲ್ಲಿ ಡೇಟಾಬೇಸ್ ವಿಳಾಸ ಕೊಡುವ ಹೆಸರು, ಎರರ್ ಪುಟದಲ್ಲಿ ಉತ್ತರದ ಸಂಖ್ಯೆ ಓದುವ ಹೆಸರು ಇವೆಲ್ಲವೂ ಜಾವಾಎಕ್ಸ್‌ನಿಂದಲೇ ಶುರುವಾಗುತ್ತಿದ್ದವು. ಅವು ಬರೀ ಪಠ್ಯವಾದ್ದರಿಂದ ಕಂಪೈಲರ್ ಹಿಡಿಯುವುದಿಲ್ಲ. ಇಲ್ಲದ ಒಂದು ವಿಳಾಸವನ್ನು ಬ್ರೌಸರಿನಲ್ಲಿ ಒತ್ತಿ. ನಿಮ್ಮ ಎರರ್ ಪುಟದಲ್ಲಿ 404 ಇರಬೇಕಾದ ಜಾಗ ಖಾಲಿ ಇದ್ದರೆ ಅಥವಾ ‘ನಲ್’ ಎಂದಿದ್ದರೆ, ಬದಲಿಸಬೇಕಾದ ಹೆಸರು ಇನ್ನೂ ಆ ಪುಟದೊಳಗೇ ಇದೆ.